ನವಸಾಗರದ ಕೈ

ದಾವಣಗೆರೆಯ ಆಸ್ಪತ್ರೆಯಿಂದ ಮಗನನ್ನು ಕರೆದುಕೊಂಡು ಕೊಟ್ಟೂರಿಗೆ ಮರಳಿದ ಸಂಜೆ ಮುಮ್ತಾಜ್ ಬೇಗಂ ಬುರ್ಖಾ ಕೂಡ ತೆಗೆಯದೆ ಮಾಡಿದ ಮೊದಲ ಕೆಲಸವೆಂದರೆ, ಮನೆಯಲ್ಲಿದ್ದ ಬಿಳಿಯ ಪುಡಿಗಳನ್ನೆಲ್ಲ ಬಚ್ಚಿಟ್ಟದ್ದು. ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ಟ್ರಂಕಿನ ತಳ ಸೇರಿತು. ಮೈದಾ ಹಿಟ್ಟನ್ನು ಪಕ್ಕದ ಓಣಿಯ ಬೇಕರಿಯವನಿಗೆ ಕೊಟ್ಟುಬಿಟ್ಟಳು. ಅಡುಗೆ ಸೋಡಾ, ಗ್ಲೂಕೋಸಿನ ಪೊಟ್ಟಣ, ಒಂದೂ ಉಳಿಯಲಿಲ್ಲ. ಉಪ್ಪಿನ ಡಬ್ಬಿಯ ಮುಂದೆ ಮಾತ್ರ ಬಹಳ ಹೊತ್ತು ನಿಂತಳು. ಉಪ್ಪಿಲ್ಲದೆ ಸಂಸಾರ ನಡೆಯುವುದು ಹೇಗೆ? ಕೊನೆಗೆ ಪುಡಿ ಉಪ್ಪನ್ನು ಚರಂಡಿಗೆ ಸುರಿದು, ಅಂಗಡಿಯಿಂದ ಹರಳುಪ್ಪು ತಂದಿಟ್ಟಳು.

ಆಮೇಲೆ ಎದುರು ಮನೆಯ ರಂಗೋಲಿ ಕಣ್ಣಿಗೆ ಬಿತ್ತು. ವೀರಭದ್ರಯ್ಯನವರ ಮಡದಿ ಕೊಟ್ರಬಸಮ್ಮ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಬಿಳಿಯ ಪುಡಿಯಲ್ಲಿ ಎಳೆ ಎಳೆಯುತ್ತಿದ್ದರು. ಮಗ ಬಾಗಿಲು ತೆಗೆದರೆ ಎದುರಿಗೆ ಅದೇ. ಮುಮ್ತಾಜಳಿಗೆ ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಹೋಗಿ, ತಲೆ ತಗ್ಗಿಸಿ, ಹೇಗೆ ಕೇಳಬೇಕೋ ತಿಳಿಯದೆ ಕೇಳಿದಳು. ಯಾಕೆ ಎಂದು ಕೊಟ್ರಬಸಮ್ಮ ಕೇಳಲಿಲ್ಲ. ಮರುದಿನದಿಂದ ಆ ಬಾಗಿಲ ಮುಂದೆ ಕೆಂಪು, ಹಸಿರು, ಅರಿಶಿನದ ಎಳೆಗಳು ಬಂದವು. ಓಣಿಯವರು ಯಾವ ಹಬ್ಬವೆಂದು ಕೇಳಿದರೆ, ಕಣ್ಣು ಮಂದವಾಗಿದೆ, ಬಿಳಿ ಕಾಣುವುದಿಲ್ಲ ಎಂದು ಆಕೆ ಹೇಳುತ್ತಿದ್ದರು. ಅವರ ಹಣೆಯ ಮೇಲಿನ ವಿಭೂತಿಯ ಬಗ್ಗೆ ಮಾತ್ರ ಮುಮ್ತಾಜ್ ಏನೂ ಹೇಳುವ ಹಾಗಿರಲಿಲ್ಲ. ಅದನ್ನು ಅಲ್ಲಾಹನಿಗೇ ಬಿಟ್ಟಳು.

ಮಗನ ಹೆಸರು ಮುಬಶ್ಶಿರ. ಮನೆಯಲ್ಲಿ ಮುಬ್ಬು. ಚಿಕ್ಕಂದಿನಿಂದಲೂ ಅವನಿಗೆ ವೈರು, ಸ್ಪೀಕರು, ಮೈಕಿನ ಹುಚ್ಚು. ಮದುವೆ ಮನೆಗಳಿಗೆ ಮೈಕ್ ಸೆಟ್ ಕಟ್ಟುತ್ತ ಕಟ್ಟುತ್ತ, ಹರಪನಹಳ್ಳಿಯ ಗೆಳೆಯ ಅಶ್ಫಾಕನ ಜೊತೆ ಗೋವಾಕ್ಕೆ ಹೋದ. ಅಶ್ಫಾಕ ಹೋಟೆಲಿನ ಅಡುಗೆಮನೆ ಸೇರಿದ, ಇವನು ಸಮುದ್ರದ ದಂಡೆಯ ಕುಣಿತದ ಜಾಗದಲ್ಲಿ ಸೌಂಡ್ ನೋಡಿಕೊಳ್ಳುವವನಾದ. ಬೆಳಗಿನವರೆಗೆ ಎಚ್ಚರವಿರಬೇಕಾದ ಕೆಲಸ. ಯಾರೋ ಒಬ್ಬ ಪ್ರೀತಿಯಿಂದಲೇ ಕೊಟ್ಟನಂತೆ, ಕೊಕೇನ್, ಸಣ್ಣ ಗೆರೆಯಾಗಿ ಹರಡಿ ಮೂಗಿನಿಂದ ಸೇದುವ ಬಿಳಿಯ ಪುಡಿ. ಅಲ್ಲಿ ಅದನ್ನು ಮಾಲು ಅನ್ನುತ್ತಾರೆ. ಮೊದಲು ನಿದ್ದೆ ತಡೆಯಲಿಕ್ಕೆ, ಆಮೇಲೆ ಕೆಲಸ ಮಾಡಲಿಕ್ಕೆ, ಆಮೇಲೆ ಸುಮ್ಮನೆ ಇರಲಿಕ್ಕೆ. ಒಂದು ದಿನ ಎದೆ ಹಿಡಿದುಕೊಂಡು ಸ್ಪೀಕರುಗಳ ನಡುವೆ ಬಿದ್ದ. ಅಶ್ಫಾಕನೇ ರಜೆ ಹಾಕಿ, ರೈಲಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದು, ಈ ಬಾಗಿಲಿಗೆ ಮುಟ್ಟಿಸಿ ಹೋದ. ಆ ಹುಡುಗನನ್ನು ಶಪಿಸಬೇಕೋ ಹರಸಬೇಕೋ ಎಂದು ಮುಮ್ತಾಜಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಚಟ ಬಿಡಿಸಲು ಅವನನ್ನು ಸೇರಿಸಿದ್ದ ದಾವಣಗೆರೆಯ ಆಸ್ಪತ್ರೆಯ ಸುಕನ್ಯಾ ಡಾಕ್ಟರು ಸಣ್ಣ ದನಿಯವರು. ಒಂದು ದಿನ ಅವರು ಮುಬ್ಬುವನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಇಸ್ಪೀಟು ಆಡಿಸಿದರು. ಆಸ್ಪತ್ರೆಯಲ್ಲಿ ಇಸ್ಪೀಟೇ ಎಂದು ಮುಮ್ತಾಜ್ ಗಾಬರಿಯಾದಳು. ಡಾಕ್ಟರು ನಕ್ಕು, ಇದು ಜೂಜಲ್ಲ, ಪರೀಕ್ಷೆ ಎಂದರು. ಪರದೆಯ ಮೇಲೆ ಎಲೆಗಳ ನಾಲ್ಕು ಕಟ್ಟು. ಎರಡು ಕಟ್ಟು ಒಮ್ಮೆಲೇ ಬಹಳ ಅಂಕ ಕೊಡುತ್ತವೆ, ನಡುನಡುವೆ ಕೊಟ್ಟದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತವೆ. ಇನ್ನೆರಡು ಸ್ವಲ್ಪ ಸ್ವಲ್ಪವೇ ಕೊಡುತ್ತವೆ, ಆದರೆ ಕೈಬಿಡುವುದಿಲ್ಲ. ಆಡುತ್ತ ಆಡುತ್ತ ಮನುಷ್ಯನಿಗೆ ತಿಳಿಯುತ್ತದೆ, ಮೋಸದ ಕಟ್ಟನ್ನು ಬಿಡುತ್ತಾನೆ. ಮುಬ್ಬುವಿಗೂ ತಿಳಿಯಿತು. ತಾಯಿಯ ಕಡೆ ತಿರುಗಿ, ಈ ಎರಡು ಮೋಸದವು ಅಮ್ಮಿ ಎಂದು ತಾನೇ ಹೇಳಿದ. ಹೇಳಿ, ಮತ್ತೆ ಅದೇ ಕಟ್ಟಿಗೆ ಕೈ ಹಾಕಿದ. ಮತ್ತೆ ಹಾಕಿದ. ಮುಮ್ತಾಜ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಮ್ಮ ಮಗಗೆ ಬುದ್ಧಿ ಇಲ್ಲ ಅಂತಲ್ಲಮ್ಮ," ಎಂದರು ಡಾಕ್ಟರು. "ಬುದ್ಧಿಗೆ ಗೊತ್ತಾಗೈತೆ. ಗೊತ್ತಾಗಿದ್ದು ಕೈಗೆ ತಲುಪ್ತಿಲ್ಲ. ನಡುವಿನ ದಾರಿ ಕೆಟ್ಟೈತೆ. ರಿಪೇರಿ ಆಗ್ತೈತೆ, ಆದ್ರೆ ನಿಧಾನ."

ಆಮೇಲೆ ಅವರು ಒಂದು ಕಾಗದದ ಮೇಲೆ ತಲೆಯ ಚಿತ್ರ ಬರೆದು ತಿಳಿಸಿ ಹೇಳಿದರು. ಹಣೆಯ ಹಿಂದೆ, ಹುಬ್ಬುಗಳ ಮೇಲೆ, ಒಂದು ತಕ್ಕಡಿಯಂಥದ್ದು ಇರುತ್ತದೆ. ಇವತ್ತಿನ ಸುಖ ಒಂದು ತಟ್ಟೆಗೆ, ನಾಳೆಯ ನಷ್ಟ ಇನ್ನೊಂದು ತಟ್ಟೆಗೆ. ತಲೆಯ ಆಳದಲ್ಲಿ ಒಂದು ಗಂಟೆ. ಅಂದುಕೊಂಡದ್ದಕ್ಕಿಂತ ಒಳ್ಳೆಯದು ಸಿಕ್ಕಿದಾಗ ಅದು ಬಾರಿಸುತ್ತದೆ, ಇದನ್ನು ನೆನಪಿಟ್ಟುಕೋ ಎಂದು ಕಲಿಸುತ್ತದೆ. ಬಾರಿಸಿದ ಮೇಲೆ ತಾನಾಗಿ ಸುಮ್ಮನಾಗುತ್ತದೆ. ಕೊಕೇನ್ ಆ ಗಂಟೆಯನ್ನು ಸುಮ್ಮನಾಗಲು ಬಿಡುವುದಿಲ್ಲ. ಬಾರಿಸಿ ಬಾರಿಸಿ ಗಂಟೆ ಸುಳ್ಳು ಕಲಿಸುತ್ತದೆ, ತಕ್ಕಡಿಯ ಮುಳ್ಳು ಒಂದೇ ಕಡೆ ವಾಲಿ ನಿಲ್ಲುತ್ತದೆ. ಕೊನೆಗೆ ಗಂಟೆ ಬಾರಿಸಲು ಮಾಲೇ ಬೇಕಿಲ್ಲ. ಅದನ್ನು ನೆನಪಿಸುವ ಯಾವುದಾದರೂ ಕಂಡರೆ ಸಾಕು. ಒಂದು ಹಾಡು, ಒಬ್ಬ ಗೆಳೆಯ, ಬಿಳಿಯ ಒಂದು ಚಿಟಿಕೆ.

ಗಂಟೆ ಬಾರಿಸಿದಾಗ ಏನು ಮಾಡಬೇಕೆಂದು ಮುಮ್ತಾಜ್ ಕೇಳಿದಳು.

"ಆಗ ದೂರದ ಮಾತು ಹೇಳಬೇಡ್ರಿ. ಮದುವೆ, ಮುಂದಿನ ಬಾಳು, ಅವೆಲ್ಲ ಆ ಹೊತ್ತಿಗೆ ಅವನ ಕಿವಿಗೆ ಬೀಳಲ್ಲ. ಹತ್ತಿರದ್ದು ಏನಾದ್ರೂ ಸಣ್ಣದು ಕೈಗೆ ಕೊಡ್ರಿ. ಆ ಅಲೆ ಏರ್ತೈತೆ, ಸ್ವಲ್ಪ ಹೊತ್ತಿಗೆ ತಾನೇ ಇಳಿತೈತೆ."

ಈ ಮಾತನ್ನು ಮುಮ್ತಾಜ್ ತಾಯಿತದ ಹಾಗೆ ಕಟ್ಟಿಕೊಂಡಳು.

ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಮುಬ್ಬು ಊಟ ಮಾಡಿದ, ನಿದ್ದೆ ಮಾಡಿದ, ಮಸೀದಿಯ ಕೆಟ್ಟ ಸ್ಪೀಕರು ಸರಿಮಾಡಿಕೊಟ್ಟ. ಒಮ್ಮೊಮ್ಮೆ ನಗುತ್ತಲೂ ಇದ್ದ. ಮುಮ್ತಾಜ್ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಇದ್ದಳು. ಅವನು ಮೂಗು ಒರೆಸಿಕೊಂಡರೆ ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದಳು. ಬಚ್ಚಲಿನಲ್ಲಿ ಸ್ವಲ್ಪ ತಡವಾದರೆ ಏನೋ ನೆವ ಮಾಡಿ ಬಾಗಿಲು ತಟ್ಟುತ್ತಿದ್ದಳು. ನೆಗಡಿಗೂ ನನಗೆ ಹಕ್ಕಿಲ್ಲವೇನು ಅಮ್ಮಿ ಎಂದು ಅವನೊಮ್ಮೆ ನಕ್ಕ.

ಆಕೆಯ ಗಂಡ ನೂರ್ ಅಹಮದರು ಕಲಾಯಿ ಹಾಕುವವರು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಒಳಗೆ ತವರ ಬಳಿಯುವ ಕೆಲಸ. ಸ್ಟೀಲು ಬಂದ ಮೇಲೆ ಈ ಕೆಲಸ ಸೊರಗಿತು, ಆದರೂ ಶಾದಿಮಹಲುಗಳ ಬಿರಿಯಾನಿ ಡೇಗು, ಮಠಗಳ ದಾಸೋಹದ ಕೊಪ್ಪರಿಗೆ, ಹಳೆಯ ಮನೆಗಳ ಪೂಜೆಯ ಕೊಳಗ ಇವತ್ತಿಗೂ ಅವರ ಒಲೆಗೇ ಬರುತ್ತಿದ್ದವು. ಮನೆಯ ಮುಂದಿನ ತಗಡಿನ ಚಪ್ಪರವೇ ಅಂಗಡಿ. ಈ ಕೆಲಸದಲ್ಲಿ ಒಂದು ರೂಢಿಯಿದೆ. ಕಲಿಯುವವನು ತಿದಿ ಒತ್ತುತ್ತಾನೆ, ಇಕ್ಕಳದಲ್ಲಿ ಪಾತ್ರೆ ತಿರುಗಿಸುತ್ತಾನೆ. ಕಾದ ಪಾತ್ರೆಗೆ ನವಸಾಗರವೆಂಬ ಉಪ್ಪಿನ ಬಿಳಿಯ ಪುಡಿ ಎರಚಿ, ಆ ಹೊಗೆಯ ನಡುವೆ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಒಂದೇ ಏಟಿಗೆ ಒರೆಸುವವನು ಉಸ್ತಾದ. ಪುಡಿ ಹೆಚ್ಚಾದರೆ ಪಾತ್ರೆ ಕಪ್ಪಾಗುತ್ತದೆ, ಕಡಿಮೆಯಾದರೆ ತವರ ಹಿಡಿಯುವುದಿಲ್ಲ. ಅದು ತಕ್ಕಡಿಗೆ ಸಿಗುವ ಅಳತೆಯಲ್ಲ, ಬೆರಳಿಗೆ ಗೊತ್ತಿರಬೇಕು. ಅದಕ್ಕೆ ಅವರು ನವಸಾಗರದ ಕೈ ಅನ್ನುತ್ತಾರೆ. ನೂರ್ ಅಹಮದರ ತಂದೆ ಬದುಕಿರುವತನಕ ಆ ಪುಡಿಯ ಡಬ್ಬಿಯನ್ನು ಮಗನಿಗೆ ಮುಟ್ಟಗೊಟ್ಟಿರಲಿಲ್ಲ.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದ ನೂರ್ ಅಹಮದರು, ಚಿಕ್ಕಂದಿನಲ್ಲಿ ತಿದಿ ಒತ್ತಿ ಕಲಿತಿದ್ದ ಮಗನನ್ನು ಕರೆದು, ಒಲೆಯ ಪಕ್ಕದ ತಮ್ಮ ಮಣೆಯ ಮೇಲೆ ಕೂರಿಸಿ, ನವಸಾಗರದ ಡಬ್ಬಿಯನ್ನು ಅವನ ಕೈಗಿಟ್ಟರು. ತಾವು ತಿದಿಯ ಹತ್ತಿರ ಹೋಗಿ ಕುಳಿತರು. ಓಣಿಗೆಲ್ಲ ಬೂಂದಿ ಹಂಚಿದರು. ಎದುರು ಮನೆಯ ವೀರಭದ್ರಯ್ಯನವರು ಬಂದು, ಕಲಾಯಿ ಸಾಬರ ಮನಿಗೆ ಹೊಸ ಉಸ್ತಾದ ಬಂದ ಎಂದು ಹುಡುಗನ ಬೆನ್ನು ತಟ್ಟಿ ಹೋದರು. ಗೋವಾದ ಸುದ್ದಿ ಅರ್ಧಂಬರ್ಧ ಗೊತ್ತಿದ್ದ ಓಣಿಯ ಮುಂದೆ, ನನ್ನ ಮಗನಿಗೆ ನಾನು ಈ ಮರ್ಯಾದೆ ಕೊಡುತ್ತೇನೆ ಎಂದು ಅವರು ಬಾಯಿ ಬಿಟ್ಟು ಹೇಳದೆ ಹೇಳಿದ್ದರು. ಮುಮ್ತಾಜ್ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು. ಉಪ್ಪಿನ ಡಬ್ಬಿಯ ಮುಂದೆ ಅಷ್ಟು ಹೊತ್ತು ನಿಂತವಳಿಗೆ ಆ ದಿನ ಏನೂ ಹೊಳೆಯಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಡಬ್ಬಿ ಚಪ್ಪರದಲ್ಲಿತ್ತು. ಅವಳ ಪಾಲಿಗೆ ಅದು ಪುಡಿಯೇ ಅಲ್ಲ, ಅನ್ನ.

ಹೊಳೆದದ್ದು ಕೆಲವು ದಿನಗಳಾದ ಮೇಲೆ, ಚಹಾ ತೆಗೆದುಕೊಂಡು ಚಪ್ಪರಕ್ಕೆ ಹೋದಾಗ. ಮುಬ್ಬು ನವಸಾಗರದ ಗಡ್ಡೆಯನ್ನು ಕಲ್ಲಿನ ಮೇಲೆ ಅರೆದು ಪುಡಿಮಾಡಿದ್ದ. ಪುಡಿಯನ್ನು ಡಬ್ಬಿಗೆ ತುಂಬಲು ಕೈಯಲ್ಲಿ ಒಂದು ರಟ್ಟಿನ ತುಂಡು ಹಿಡಿದಿದ್ದ. ಆದರೆ ತುಂಬುತ್ತಿರಲಿಲ್ಲ. ರಟ್ಟಿನ ಅಂಚಿನಿಂದ ಪುಡಿಯನ್ನು ಒತ್ತಿ ಒತ್ತಿ, ಕಡ್ಡಿಯಷ್ಟು ಸಣ್ಣದಾಗಿ, ನೇರವಾಗಿ, ಒಂದು ಗೆರೆ ಮಾಡಿದ್ದ. ಪಕ್ಕದಲ್ಲಿ ಇನ್ನೊಂದು. ಅವನ ಕಣ್ಣು ಗೆರೆಯ ಮೇಲಿತ್ತು, ಅವನು ಮಾತ್ರ ಅಲ್ಲಿರಲಿಲ್ಲ. ತಾಯಿಯ ನೆರಳು ಬಿದ್ದದ್ದೇ ಬೆಚ್ಚಿ ಎರಡನ್ನೂ ಅಳಿಸಿಬಿಟ್ಟ. ಮುಮ್ತಾಜ್ ಚಹಾ ಕೆಳಗಿಟ್ಟು ಒಳಗೆ ಬಂದಳು.

ಅಂದು ಸಂಜೆ ಗಂಡನಿಗೆ ಹೇಳಿದಳು. ನೂರ್ ಅಹಮದರು ಬಹಳ ಒಳ್ಳೆಯ ಮನುಷ್ಯರು, ಆದರೆ ಈ ಮಾತು ಅವರ ಎದೆಗೆ ಕಲ್ಲಿನ ಹಾಗೆ ಬಿತ್ತು.

"ನಮ್ಮಪ್ಪ, ನಮ್ಮಜ್ಜ ಇದರಾಗ ಬಾಳೇವ ಮಾಡ್ಯಾರ," ಎಂದರು. "ಹಲಾಲ್ ರೊಟ್ಟಿ ಇದು. ಇದನ್ನ ಆ ಹೊಲಸಿಗೆ ಹೋಲಸ್ತಿಯಲ್ಲ, ನಾಲಿಗಿ ಹೆಂಗ ಬಂತು ನಿನಗ?"

"ಹೋಲಸವಲ್ಲೆ ನಾನು. ಅವನ ಕಣ್ಣು ಹೋಲಸ್ತಾವ."

"ಕೆಲಸ ಇದ್ರ ಮನಸ್ಸು ನಿಂದರ್ತೈತಿ. ಮಣಿ ಮ್ಯಾಲ ಕುಂದ್ರಿಸಿ, ಈಗ ಏಳು ಅಂದ್ರ ಓಣಿಯಾಗ ಅವನ ಮಾರಿ ಉಳಿತೈತೇನು?"

ಓಣಿಯಲ್ಲಿ ಮುಖವೂ ಉಳಿಯಬೇಕು, ಮಗನೂ ಉಳಿಯಬೇಕು. ಯಾವುದನ್ನು ಯಾವ ತಟ್ಟೆಗೆ ಹಾಕಬೇಕೆಂದು ತಿಳಿಯದೆ ಅವಳದೇ ತಕ್ಕಡಿ ತೂಗಾಡಿತು.

ಅಂದಿನಿಂದ ಮುಬ್ಬುವಿನ ನಿದ್ದೆ ಹೋಯಿತು. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಫೋನು ಬಂದರೆ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದ. ಅಶ್ಫಾಕ ಎಂಬ ಹೆಸರು ಒಮ್ಮೆ, ಸೀಸನ್ ಎಂಬ ಮಾತು ಎರಡು ಸಲ ಅವಳ ಕಿವಿಗೆ ಬಿತ್ತು. ಮಳೆ ನಿಂತು ಹೊಲಗಳಲ್ಲಿ ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಗೋವಾದಲ್ಲಿ ಪ್ರವಾಸಿಗರ ಕಾಲ ಶುರುವಾಗುತ್ತದೆಂದು ಅವಳಿಗೂ ಗೊತ್ತಿತ್ತು.

ಆ ವಾರವೇ ಹಗರಿಬೊಮ್ಮನಹಳ್ಳಿಯ ಶಾದಿಮಹಲಿನ ಡೇಗುಗಳು ಸಿದ್ಧವಾದವು. ಯರ್ರೆಪ್ಪನ ಲಗೇಜ್ ಆಟೋದಲ್ಲಿ ಹೇರಿ, ಮುಟ್ಟಿಸಿ ಬರಲು ನೂರ್ ಅಹಮದರು ಮಗನನ್ನೇ ಕಳಿಸಿದರು. ಹೊಸ ಉಸ್ತಾದನೇ ಹೋಗಿ ಒಪ್ಪಿಸಬೇಕು, ಅದೂ ರೂಢಿ. ಅವರು ತವರ ತರಲು ಪೇಟೆಗೆ ಹೋದರು. ಮುಮ್ತಾಜ್ ಒಲೆಯ ಮುಂದೆ ಕುಳಿತಿದ್ದಳು, ರೊಟ್ಟಿ ಸೀದದ್ದೂ ತಿಳಿಯಲಿಲ್ಲ. ಬಿಸಿಲು ಏರುವ ಹೊತ್ತಿಗೆ ಯರ್ರೆಪ್ಪನ ಫೋನು ಬಂತು.

"ಅಕ್ಕಾ, ಡೇಗು ಇಳಿಸಿದ್ವಿ. ನಿಮ್ ಹುಡುಗ, ದೋಸ್ತ್ ಬರ್ತಾನ ನೀ ಹೋಗು ಅಂತ ಹೇಳಿ, ಸ್ಟೇಷನ್ನಿಗೆ ಬಂದು ಕುಂತಾನ. ನನಗ್ಯಾಕೋ ಸರಿ ಅನಿಸವಲ್ದು. ಹಿಡ್ಕಂಡು ಬರ್ಲೇನು?"

ಮುಮ್ತಾಜ್ ಒಲೆಯಿಂದ ಹೆಂಚು ಇಳಿಸಿದಳು. ಹಿಡಿದರೆ ಅವನು ಕೊಡವಿಕೊಂಡು ಹೋಗುತ್ತಾನೆ, ಹತ್ತು ಜನ ಸೇರುತ್ತಾರೆ.

"ಹಿಡಿಬ್ಯಾಡಪ್ಪ. ದೂರ ನಿಂತು ನೋಡ್ಕೋತಿರು. ನಾ ಬರ್ತೀನಿ."

ಹರಿಹರದ ಕಡೆಯಿಂದ ಬರುವ ರೈಲು ಹರಪನಹಳ್ಳಿ ದಾಟಿ, ಕೊಟ್ಟೂರಿಗೆ ಬಂದು, ಹಗರಿಬೊಮ್ಮನಹಳ್ಳಿಯ ಮೇಲೆ ಹೊಸಪೇಟೆಗೆ ಹೋಗುತ್ತದೆ. ಹೊಸಪೇಟೆಗೆ ಮುಟ್ಟಿದರೆ ಗೋವಾದ ರೈಲು. ಊರಿಗೆ ಬಂದಿದ್ದ ಅಶ್ಫಾಕ ಗೋವಾಕ್ಕೆ ಮರಳುತ್ತ ಹರಪನಹಳ್ಳಿಯಲ್ಲಿ ಹತ್ತಿದ್ದರೆ ಇದೇ ರೈಲಿನಲ್ಲಿರಬೇಕು. ಬುರ್ಖಾ ಹಾಕಿಕೊಂಡು ಅವಳು ಓಣಿಗೆ ಇಳಿದಾಗ ಕೊಟ್ರಬಸಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಅವಳ ಮುಖ ನೋಡಿ ಮೊರ ಬದಿಗಿಟ್ಟು, ಒಳಗೆ ಹೋಗಿ ನೀರಿನ ಬಾಟಲಿ ತಂದು ಕೈಗಿತ್ತರು. ನಾನೂ ಬರಲೇ ಎಂದು ಕೇಳಿದರು. ಬೇಡವೆಂದಾಗ, ಸಾಬರಿಗೆ ನಾನು ಹೇಳುತ್ತೇನೆ, ನೀನು ನಡಿ ಎಂದರು. ಏನು ಹೇಳಬೇಕೆಂದು ಕೇಳಲಿಲ್ಲ.

ಮುಮ್ತಾಜ್ ಆಟೋ ಹಿಡಿದು ನಿಲ್ದಾಣ ಮುಟ್ಟುವುದಕ್ಕೂ ರೈಲು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕೀಲುನೋವಿನ ಮೊಣಕಾಲು ಎತ್ತಿ ಎತ್ತಿ ಹತ್ತಿದಳು. ಬೋಗಿಯ ನಡುವೆ ಸೀಟುಗಳನ್ನು ಹಿಡಿದುಕೊಳ್ಳುತ್ತ ನಡೆದು, ಕಿಟಕಿಯ ಪಕ್ಕ ಕುಳಿತಿದ್ದ ಅಶ್ಫಾಕನನ್ನು ಕಂಡಳು. ಅವನು ದಡಕ್ಕನೆ ಎದ್ದು ನಿಂತು, ಮೊದಲು ತನ್ನ ಜಾಗ ಬಿಟ್ಟುಕೊಟ್ಟ.

"ಖಾಲಾ, ಖುದಾ ಕಸಂ, ನಾ ಕರೀಲಿಲ್ಲ," ಎಂದ, ಅವಳು ಕೇಳುವ ಮೊದಲೇ. "ಅವನೇ ದಿನಾ ಫೋನ್ ಮಾಡ್ತಾನ. ಬ್ಯಾಡೋ ಅಂದೆ. ನೀ ಬರೋ ಗಾಡಿಗೇ ಬರ್ತೀನಿ ಅಂದ."

ಹುಡುಗನ ಮುಖದಲ್ಲಿ ಸುಳ್ಳಿರಲಿಲ್ಲ. ತುಟಿ ಒಣಗಿತ್ತು. ಮುಮ್ತಾಜ್ ಕೊಟ್ರಬಸಮ್ಮನ ಬಾಟಲಿಯನ್ನು ಅವನಿಗೆ ಚಾಚಿದಳು.

"ನಿನ್ನ ಬೈಯಾಕ ಬಂದಿಲ್ಲಪ್ಪ. ಜೀವಂತ ತಂದು ನನ್ನ ಬಾಗಿಲಿಗೆ ಬಿಟ್ಟಾವ ನೀನು. ಇನ್ನೊಂದು ಉಪಕಾರ ಮಾಡು. ಹಗರಿಬೊಮ್ಮನಹಳ್ಳಿ ಬಂದಾಗ ಅವನ ಕಣ್ಣಿಗೆ ಬೀಳಬ್ಯಾಡ."

ಅವನು ತಲೆಯಾಡಿಸಿದ. ಎದ್ದು ಆಚೆ ಬದಿಯ ಸೀಟಿಗೆ ಹೋಗಿ, ಗೋಡೆಯ ಕಡೆ ತಿರುಗಿ, ತಲೆಯ ಮೇಲೆ ಟವೆಲ್ ಎಳೆದುಕೊಂಡು ಮಲಗಿದ.

ರೈಲು ಹೊರಟಿತು. ಕಪ್ಪು ಹೊಲಗಳು, ಒಣಹಾಕಿದ ಮೆಕ್ಕೆಜೋಳದ ರಾಶಿಗಳು ಹಿಂದೆ ಸರಿದವು. ಮುಮ್ತಾಜ್ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ನಿನ್ನಪ್ಪನ ವಯಸ್ಸು ನೋಡು. ನಿನಗೊಂದು ಹುಡುಗಿ ನೋಡಿದ್ದೇವೆ. ಅಂದು ನಿನ್ನ ಎದೆ ನಿಂತೇ ಹೋಗಿದ್ದರೆ? ಒಂದೊಂದನ್ನೂ ಎತ್ತಿ ನೋಡಿ, ಒಂದೊಂದನ್ನೂ ಕೆಳಗಿಟ್ಟಳು. ಎಲ್ಲವೂ ದೂರದ ಮಾತುಗಳೇ. ಹತ್ತಿರದ್ದು ಏನಿದೆ ತನ್ನ ಹತ್ತಿರ? ಕೈಯಲ್ಲಿ ತಿಂಡಿಯ ಪೊಟ್ಟಣವೂ ಇರಲಿಲ್ಲ. ರೈಲು ನಡುವೆ ಎಲ್ಲಿಯೋ ಸುಮ್ಮನೆ ನಿಂತಿತು. ಅದು ನಿಂತರೆ ತಡವಾಗುತ್ತದೆಂದು ಭಯ, ಹೊರಟರೆ ಬೇಗ ಮುಟ್ಟುತ್ತದೆಂದು ಭಯ.

ಹಗರಿಬೊಮ್ಮನಹಳ್ಳಿ ಬಂದಾಗ ಅವಳು ಬಾಗಿಲಲ್ಲಿ ಕಂಬಿ ಹಿಡಿದು ನಿಂತಿದ್ದಳು. ಬೇವಿನ ಮರದ ಕೆಳಗೆ ಯರ್ರೆಪ್ಪ ಕಂಡ, ಬಾಡಿಗೆ ಬಿಟ್ಟು ನಿಂತಿದ್ದ ಪುಣ್ಯಾತ್ಮ. ಅದರಾಚೆ ಮುಬ್ಬು. ಮೈಮೇಲೆ ಕೆಲಸದ ಅಂಗಿಯೇ ಇತ್ತು, ಇದ್ದಿಲ ಕಲೆಗಳ ಸಮೇತ. ಕೈಯಲ್ಲಿ ಚೀಲವಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ದೂರದ ಊರಿಗೆ ಹೊರಟವನ ಹಾಗೆ ಇರಲಿಲ್ಲ, ನಿದ್ದೆಯಲ್ಲಿ ಎದ್ದು ಬಂದವನ ಹಾಗಿದ್ದ. ಕಿಟಕಿ ಕಿಟಕಿ ಇಣುಕುತ್ತ ಅವಸರದಿಂದ ಬಂದವನು ಈ ಬಾಗಿಲಿಗೇ ಬಂದು ಕಂಬಿಗೆ ಕೈ ಹಾಕಿದ. ತಲೆಯೆತ್ತಿದ. ಮೇಲೆ ತಾಯಿ ನಿಂತಿದ್ದಳು.

ಅವನ ಕಣ್ಣು ಅವಳ ಹೆಗಲ ಮೇಲಿಂದ ಒಳಗೆ ಹುಡುಕಿತು. ಒಳಗೆ ಟವೆಲ್ ಹೊದ್ದು ಮಲಗಿದ ಯಾರೋ ಒಬ್ಬ. ಕಣ್ಣು ಮತ್ತೆ ತಾಯಿಗೆ ಬಂತು, ಮತ್ತೆ ಒಳಗೆ ಹೋಯಿತು. ಕಂಬಿ ಹಿಡಿದ ಬೆರಳುಗಳು ಬಿಳುಚಿದ್ದವು. ಗಂಟೆ ಬಾರಿಸುತ್ತಿದೆ ಎಂದುಕೊಂಡಳು ಮುಮ್ತಾಜ್, ನನ್ನ ಕೂಸಿನ ತಲೆಯೊಳಗೆ ಗಂಟೆ ಬಾರಿಸುತ್ತಿದೆ, ನಾನು ಕಿರುಚಿದರೂ ಕೇಳಿಸುವುದಿಲ್ಲ. ನಾಲಿಗೆಯ ತುದಿಗೆ ಬಂದಿದ್ದ ಅಪ್ಪನ ವಯಸ್ಸು, ಹುಡುಗಿ, ಸಾವು, ಎಲ್ಲವನ್ನೂ ನುಂಗಿದಳು. ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ಮೆಟ್ಟಿಲು ನಿಜವಾಗಿಯೂ ಎತ್ತರವಿತ್ತು.

"ಮುಬ್ಬು, ಕಾಲು ಬಗ್ಗವಲ್ದು," ಎಂದಳು. "ಇಳಿಸು ಬಾ."

ಅವನು ನಿಂತೇ ಇದ್ದ. ರೈಲು ಕೂಗಿತು. ಮುಮ್ತಾಜ್ ಒಂದು ಕೈಯನ್ನು ಕಂಬಿಯಿಂದ ತೆಗೆದು ಗಾಳಿಯಲ್ಲಿ ಚಾಚಿದಳು. ಹಿಡಿಯದಿದ್ದರೆ ಬೀಳುವುದು ಖಂಡಿತ. ಅವನ ಕೈ ಕಂಬಿಯಿಂದ ಬಿಟ್ಟಿತು, ಸ್ವಲ್ಪ ಹೊತ್ತು ಎಲ್ಲಿಯೂ ಇರಲಿಲ್ಲ, ಆಮೇಲೆ ಅವಳ ಮೊಣಕೈಯನ್ನು ಹಿಡಿಯಿತು. ಇನ್ನೊಂದು ಕೈ ಬೆನ್ನಿಗೆ ಬಂತು. ಚಿಕ್ಕ ಮಗುವನ್ನು ಇಳಿಸುವ ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿದ. ಅವಳ ಕಾಲು ನೆಲ ಮುಟ್ಟಿದ್ದೇ ರೈಲು ಜಗ್ಗಿತು.

ಬೋಗಿಗಳು ಒಂದೊಂದಾಗಿ ಮುಂದೆ ಸರಿದವು. ಅವನ ತಲೆ ಅವುಗಳ ಜೊತೆ ತಿರುಗಿತು. ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಒಮ್ಮೆ, ಗಾಳಕ್ಕೆ ಮೀನು ಬಿದ್ದ ಹಾಗೆ, ಆ ಕೈ ಜೋರಾಗಿ ಎಳೆಯಿತು. ಅವಳು ಬಿಗಿಹಿಡಿಯಲಿಲ್ಲ, ಬಿಡಲೂ ಇಲ್ಲ. ಕೊನೆಯ ಬೋಗಿ ದಾಟಿದ ಮೇಲೆ ಆ ಎಳೆತ ನಿಂತಿತು. ಮೈಯೆಲ್ಲ ಬೆವರಿತ್ತು, ಅವನದೂ ಅವಳದೂ.

ಬೆಂಚಿನ ಮೇಲೆ ಕುಳಿತ ಮೇಲೆ ಯರ್ರೆಪ್ಪ ಚಹಾ ತಂದ. ಕೊಟ್ಟೂರಿನಿಂದ ಎಷ್ಟೋ ಸಲ ಡೇಗು ಒಯ್ದವನು, ಮುಮ್ತಾಜ್ ಸಕ್ಕರೆ ಮುಟ್ಟುವುದಿಲ್ಲ ಎಂಬುದು ನೆನಪಿಟ್ಟು ಬೇರೆಯೇ ಲೋಟ ತಂದಿದ್ದ. ಕೊಟ್ಟು, ಆಟೋ ಒರೆಸುವ ನೆವದಲ್ಲಿ ದೂರ ಹೋದ.

ಮುಬ್ಬು ಚಹಾದ ಲೋಟವನ್ನು ಪಕ್ಕಕ್ಕಿಟ್ಟ. "ಅಮ್ಮಿ, ಹೋಗಬೇಕಂತ ಬರಲಿಲ್ಲ ನಾನು. ಕಾಲು ಬಂದ್ವು," ಎಂದ. "ನವಸಾಗರ ಅರಿಯೋವಾಗ ನನ್ನ ವಸಡು, ಮಾಲು ತಗೊಂಡಂಗ, ಜೋಮು ಹಿಡಿತಾವ. ಏನೂ ತಗೊಂಡಿರಂಗಿಲ್ಲ, ಬರೀ ನೋಡಿದ್ರ ಸಾಕು. ನಮ್ಮ ಅಬ್ಬಾ ಅಷ್ಟು ಖುಷಿಲೆ ಮಣಿ ಮ್ಯಾಲ ಕುಂದ್ರಿಸ್ಯಾರ. ಹೆಂಗ ಹೇಳ್ಲಿ?"

ಮುಮ್ತಾಜ್ ಅವನ ಕೈ ತಿರುಗಿಸಿ ನೋಡಿದಳು. ಬೆರಳ ಸಂದಿಯಲ್ಲಿ ಬಿಳಿಯ ಪುಡಿ ಇನ್ನೂ ಇತ್ತು. ಬೆಂಚಿನ ಪಕ್ಕದ ನಲ್ಲಿಯಲ್ಲಿ ಬುರ್ಖಾದ ತುದಿಯನ್ನು ಒದ್ದೆ ಮಾಡಿ ಒಂದೊಂದೇ ಬೆರಳು ಒರೆಸಿದಳು.

ಅವರು ಮನೆ ಮುಟ್ಟಿದಾಗ ನೂರ್ ಅಹಮದರು ಚಪ್ಪರದ ಹೊರಗೆ ನಿಂತಿದ್ದರು, ಎದುರು ಕಟ್ಟೆಯ ಮೇಲೆ ಕೊಟ್ರಬಸಮ್ಮ. ಬರಿದೇ ಒಬ್ಬರಿಗೊಬ್ಬರು ಜೊತೆಯಾಗಿ ಕಾಯುತ್ತಿದ್ದರು. ಮಗ ಒಳಗೆ ಹೋಗಿ ಮಲಗಿದ ಮೇಲೆ ಮುಮ್ತಾಜ್ ಗಂಡನಿಗೆ ಅವನ ಮಾತುಗಳನ್ನೇ ಹೇಳಿದಳು, ಒಂದನ್ನೂ ಕೂಡಿಸದೆ. ನೂರ್ ಅಹಮದರು ಈ ಸಲ ಬೈಯಲಿಲ್ಲ. ನವಸಾಗರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಓಣಿಯಾಚೆ, ಬೆಳಿಗ್ಗೆ ಹಾಕಿದ ಅರಿಶಿನ ಬಣ್ಣದ ರಂಗೋಲಿ ಕಾಲ್ತುಳಿತಕ್ಕೆ ಅರ್ಧ ಅಳಿಸಿತ್ತು. ಅದನ್ನೇ ನೋಡುತ್ತ ಕುಳಿತರು.

"ಎದುರುಮನಿ ಅಮ್ನೋರು ಯಾವಾಗಿಂದ ಬಣ್ಣದ ರಂಗೋಲಿ ಹಾಕಾಕತ್ಯಾರ?" ಎಂದು ಕೇಳಿದರು.

ಯಾವಾಗಿನಿಂದ, ಯಾಕೆ ಎಂದು ಮುಮ್ತಾಜ್ ಹೇಳಿದಳು.

ಬೆಳಿಗ್ಗೆ ಅವಳು ಎದ್ದು ಬಂದಾಗ ನೂರ್ ಅಹಮದರು ಚಪ್ಪರದಲ್ಲಿ ಕುಳಿತು, ಇದ್ದಿಲನ್ನು ನುಣ್ಣಗೆ ಕುಟ್ಟಿ, ತಮ್ಮ ನಮಾಜಿನ ಮಲ್ಮಲ್ ವಸ್ತ್ರದಲ್ಲಿ ಜರಡಿ ಹಿಡಿಯುತ್ತಿದ್ದರು. ಆ ಕರಿಯ ಹಿಟ್ಟನ್ನು ನವಸಾಗರದ ಡಬ್ಬಿಗೆ ಸುರಿದು ಬೆರಳಿನಿಂದ ಕಲಸಿದರು. ಬಿಳಿಯ ಪುಡಿ ಮಳೆಮೋಡದ ಬಣ್ಣಕ್ಕೆ ತಿರುಗಿತು. ಅಪ್ಪ, ಅಜ್ಜ ಯಾರೂ ಮಾಡದ ಕೆಲಸ. ನವಸಾಗರಕ್ಕೆ ಕಸ ಬಿದ್ದರೆ ತವರದ ಹೊಳಪು ಹೋಗುತ್ತದೆಂದು ಅವರೇ ಎಷ್ಟೋ ಹುಡುಗರನ್ನು ಗದರಿದ್ದರು. ಕಲಾಯಿ ಸಾಬರ ಪಾತ್ರೆ ಎಂದರೆ ಕನ್ನಡಿ ಎಂದು ಕೊಟ್ಟೂರಿಗೇ ಹೆಸರು. ಡಬ್ಬಿ ಮುಚ್ಚಿ ಮಣೆಯ ಪಕ್ಕ ಇಟ್ಟು, ತಿದಿಯ ಹತ್ತಿರ ಹೋಗಿ ಕುಳಿತರು.

ಮುಬ್ಬು ಬಂದು ಮಣೆಯ ಮೇಲೆ ಕುಳಿತ. ಡಬ್ಬಿ ತೆರೆದ. ಒಳಗೆ ನೋಡಿದ, ಅಪ್ಪನ ಕರಿಯ ಬೆರಳುಗಳನ್ನು ನೋಡಿದ. ನೂರ್ ಅಹಮದರು ತಿದಿ ಒತ್ತಿದರು.

ಆ ದಿನ ಒಲೆಗೆ ಬಂದದ್ದು ಕೊಟ್ರಬಸಮ್ಮನ ಪೂಜೆಯ ಕೊಳಗ. ಪಾತ್ರೆ ಕಾದ ಮೇಲೆ ಮುಬ್ಬು ಪುಡಿ ಎರಚಿದ. ಪುಡಿ ಬೂದಿಯ ಬಣ್ಣದ್ದಾದರೂ ಹೊಗೆ ಮಾತ್ರ ಎಂದಿನಂತೆ ಬೆಳ್ಳಗೇ ಎದ್ದಿತು. ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಮುಮ್ತಾಜ್ ಹೊಸ್ತಿಲಲ್ಲಿ ನಿಂತು ಮಗನನ್ನು ನೋಡುತ್ತಿದ್ದಳು. ಅವನ ಕೈ ಗಾಳಿಯಲ್ಲಿ ನಿಂತಿತು. ಮುಖ ತಿರುಗಿಸಿ ಓಣಿಯ ಕಡೆ, ಎದುರು ಮನೆಯ ಕೆಂಪು ಎಳೆಗಳ ಕಡೆ ನೋಡಿದ. ತವರ ಮುಟ್ಟಿಸುವ ಹದ ಮೀರುತ್ತಿತ್ತು. ನೂರ್ ಅಹಮದರಿಗೆ ಅದು ಗೊತ್ತಿತ್ತು, ಆದರೂ ತಿದಿಯನ್ನಷ್ಟೇ ಮೆಲ್ಲಗೆ ಮಾಡಿದರು. ಹೊಗೆ ತೆಳುವಾಯಿತು. ಆಗ ಆ ಕೈ ಕೆಳಗೆ ಬಂದು ತವರದ ಕಡ್ಡಿಯನ್ನು ಎತ್ತಿಕೊಂಡಿತು.

ಸಂಜೆ ಕೊಟ್ರಬಸಮ್ಮ ಕೊಳಗ ಒಯ್ಯಲು ಬಂದರು. ಅವರದೊಂದು ಪದ್ಧತಿಯಿತ್ತು. ಪಾತ್ರೆಯನ್ನು ಬೆಳಕಿಗೆ ಹಿಡಿದು ಒಳಗೆ ತಮ್ಮ ಹಣೆಯ ವಿಭೂತಿಯ ಎಳೆಗಳನ್ನು ನೋಡಿಕೊಳ್ಳುವರು. ಮೂರೂ ಎಳೆ ಬಿಡಿಬಿಡಿಯಾಗಿ ಕಾಣದಿದ್ದರೆ ಪಾತ್ರೆಯನ್ನು ಅಲ್ಲೇ ಬಿಟ್ಟು ಹೋಗುವರು. ಒಂದೆರಡು ಸಲ ನೂರ್ ಅಹಮದರಂಥವರಿಂದಲೇ ಮತ್ತೆ ಹಾಕಿಸಿದ್ದರು. ಇವತ್ತೂ ಕೊಳಗವನ್ನು ಎತ್ತಿ ಹಿಡಿದರು. ಒಳಗೆ ಮೋಡ ಮುಸುಕಿದ ಹಾಗೆ ಮಬ್ಬಿತ್ತು, ಮೂರು ಎಳೆಗಳಲ್ಲಿ ಒಂದೂ ಬಿಡಿಯಾಗಿ ಕಾಣುತ್ತಿರಲಿಲ್ಲ. ಒಂದು ಕಡೆ ತವರ ದಪ್ಪಗೆ ಕೂತು ಕಲೆಯಾಗಿತ್ತು. ಮುಬ್ಬು ನೆಲ ನೋಡುತ್ತ ನಿಂತಿದ್ದ. ನೂರ್ ಅಹಮದರು ಒಲೆಯ ಕೆಂಡ ಕೆದಕುತ್ತಿದ್ದರು.

ಕೊಟ್ರಬಸಮ್ಮ ಕೊಳಗವನ್ನು ಆ ಕಡೆ ಈ ಕಡೆ ತಿರುಗಿಸಿದರು. ಮಣೆಯ ಪಕ್ಕದ ಡಬ್ಬಿಯ ಮೇಲೆ ಅವರ ಕಣ್ಣು ಒಮ್ಮೆ ನಿಂತು ಮುಂದೆ ಹೋಯಿತು. ಸೆರಗಿನಿಂದ ಪಾತ್ರೆಯ ಅಂಚು ಒರೆಸಿ ಕಂಕುಳಲ್ಲಿ ಇಟ್ಟುಕೊಂಡರು.

"ಕಾಣ್ತೈತಿ ಬಿಡಪ್ಪ," ಎಂದರು. "ಕೊಪ್ಪರಿಗಿ ಎರಡು ಅದಾವ ಮನಿಯಾಗ. ನಾಳಿಗೆ ಕಳಸ್ತೀನಿ, ನೀನೇ ಹಾಕು."